ಬಿರುಕಿನ ಮೇಲೆ ಸುಣ್ಣ

ಹೋದ ವಾರ ನಮ್ಮ ಪೇಟೆ ಬೀದಿಯ ಒಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ವಾದವೊಂದು ಹುಟ್ಟಿತು. ಅಂಗಡಿಯ ಯಜಮಾನರು ಈ ಪತ್ರಿಕೆಯ ಹಳೆಯ ಚಂದಾದಾರರು. ಅವರ ಮಗಳೂ ಅಳಿಯನೂ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾರೆ. ರಜೆಯಲ್ಲಿ ಈ ದಂಪತಿಗಳು ತಮ್ಮ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ನೇಪಾಳಕ್ಕೆ ಹೋಗಿ, ಗುಡ್ಡಗಾಡಿನ ಒಂದು ಹಳ್ಳಿಯಲ್ಲಿ ಹದಿನೈದು ದಿನ ಇದ್ದು, ಅಲ್ಲಿಯ ಶಾಲೆಯ ದುರಸ್ತಿ ಕೆಲಸಕ್ಕೆ ಕೈ ಸೇರಿಸಿ ಬಂದರು. ಕೂಲಿ ಇಲ್ಲ. ಹೋಗಿಬರುವ ಖರ್ಚು, ಊಟ ವಸತಿಯ ಖರ್ಚು ಎಲ್ಲವೂ ಅವರ ಕೈಯದೇ. ಅಳಿಯ ಕಲ್ಲು ಹೊತ್ತ, ಮಗಳು ಗೋಡೆಗೆ ಬಣ್ಣ ಬಳಿದಳು, ಮಕ್ಕಳು ಬೆಂಚು ತೊಳೆದರು. ಯಜಮಾನರು ಅಂಗಡಿಗೆ ಬಂದವರಿಗೆಲ್ಲ ತಮ್ಮ ಫೋನಿನಲ್ಲಿದ್ದ ಚಿತ್ರಗಳನ್ನು ತೋರಿಸಿ ಹಿಗ್ಗುತ್ತಿದ್ದರು.

ಆ ಹೊತ್ತಿಗೆ ಪಾಳಿ ಮುಗಿಸಿ ಬಂದ ಮಿಲ್ಲಿನ ಸಂಗಾತಿಯೊಬ್ಬರು ಚಿತ್ರಗಳನ್ನು ನೋಡಿ, “ಸಾಹುಕಾರ್ರೆ, ನಮ್ಮ ಓಣಿ ಶಾಲೆ ಮಳೆ ಬಂದ್ರೆ ಸೋರ್ತದೆ. ನಿಮ್ಮ ಮೊಮ್ಮಕ್ಕಳು ಒಂದಿನ ಅದರ ಬಾಗಿಲು ನೋಡ್ಯಾರೇನು? ಸುಣ್ಣ ಬಳಿಯೋಕೆ ವಿಮಾನ ಹತ್ತಿ ನೇಪಾಳಕ್ಕೇ ಹೋಗಬೇಕಿತ್ತೇನು?” ಎಂದರು. ಯಜಮಾನರ ಮುಖ ಬಾಡಿತು. “ಒಳ್ಳೇ ಕೆಲಸ ಎಲ್ಲಿ ಮಾಡಿದ್ರೂ ಒಳ್ಳೇದೇ ಅಲ್ಲವೇನಪ್ಪ?” ಎಂದರು. ಇಬ್ಬರೂ ನಮ್ಮ ಕಡೆ ತಿರುಗಿ, “ನೀವೇ ಹೇಳ್ರಿ ಮೇಷ್ಟ್ರೆ” ಎಂದರು.

ಅಂದು ನಾವು ಚಹಾ ಕುಡಿದು ಎದ್ದು ಬಂದೆವು. ಉತ್ತರ ನಾಲಿಗೆಯ ತುದಿಯಲ್ಲಿ ಇರಲಿಲ್ಲ. ಇಬ್ಬರೂ ನಮ್ಮವರೇ, ಇಬ್ಬರ ಮಾತಿನಲ್ಲೂ ಸತ್ಯ ಇತ್ತು. ಆದರೆ ಇಬ್ಬರೂ ಕೇಳದೆ ಬಿಟ್ಟ ಪ್ರಶ್ನೆಯೊಂದು ಉಳಿದಿದೆ. ನೇಪಾಳದ ಆ ಶಾಲೆಯನ್ನು ಕಟ್ಟಬೇಕಾದ ಕೈಗಳು ಎಲ್ಲಿ ಹೋದವು? ಈ ಪ್ರಶ್ನೆಯಿಂದ ಹೊರಟರೆ ಉಳಿದುದಕ್ಕೆಲ್ಲ ಉತ್ತರ ಸಿಗುತ್ತದೆಂದು ನಮ್ಮ ನಂಬಿಕೆ.

ಮೊದಲು ನಡೆದ ಸಂಗತಿಯನ್ನು ನೆನಪಿಗೆ ತಂದುಕೊಳ್ಳೋಣ. 2015ರ ಏಪ್ರಿಲ್ 25ರಂದು ಮಧ್ಯಾಹ್ನಕ್ಕೆ ಕೆಲವೇ ನಿಮಿಷ ಇರುವಾಗ ನೇಪಾಳದಲ್ಲಿ ಭೂಮಿ ನಡುಗಿತು. ಕಂಪನದ ಪ್ರಮಾಣ 7.8. ಗೋರ್ಖಾ ಜಿಲ್ಲೆಯ ಬಾರ್ಪಾಕ್ ಎಂಬ ಹಳ್ಳಿಯ ಹತ್ತಿರ ಅದರ ಕೇಂದ್ರ. ಮೇ 12ರಂದು ಇನ್ನೊಂದು ಭಾರೀ ಕಂಪನ ಬಂದು, ಮೊದಲನೆಯದರಲ್ಲಿ ಹೇಗೋ ನಿಂತಿದ್ದ ಗೋಡೆಗಳನ್ನೂ ಕೆಡವಿತು. ಒಟ್ಟು ಸುಮಾರು 9 ಸಾವಿರ ಜನ ಸತ್ತರು. ಸಿಂಧುಪಾಲ್ಚೋಕ್ ಎಂಬ ಒಂದೇ ಜಿಲ್ಲೆಯಲ್ಲಿ 3 ಸಾವಿರಕ್ಕೂ ಹೆಚ್ಚು ಮಂದಿ. ಏಳು ಸಾವಿರಕ್ಕೂ ಮೇಲ್ಪಟ್ಟು ಶಾಲೆಗಳಿಗೆ ಪೆಟ್ಟು ಬಿತ್ತು. ಪೂರ್ತಿ ನಾಶವಾದ ಕೊಠಡಿಗಳೇ 25 ಸಾವಿರದಷ್ಟು.

ಆ ದಿನ ಶನಿವಾರ. ನೇಪಾಳದಲ್ಲಿ ಶಾಲೆಗೆ ವಾರದ ರಜೆ ಭಾನುವಾರವಲ್ಲ, ಶನಿವಾರ. ಆದುದರಿಂದ ಕೊಠಡಿಗಳಲ್ಲಿ ಮಕ್ಕಳಿರಲಿಲ್ಲ. ಅದೇ ಶುಕ್ರವಾರ ಆಗಿದ್ದರೆ? ಈ ಪ್ರಶ್ನೆಯನ್ನು ಅಲ್ಲಿಯ ತಾಯಂದಿರು ಇಂದಿಗೂ ಕೇಳಿಕೊಳ್ಳುತ್ತಿರಬೇಕು. ಒಂದು ದೇಶದ ಮಕ್ಕಳು ಸರ್ಕಾರದ ಎಚ್ಚರದಿಂದ ಬದುಕಲಿಲ್ಲ, ಪಂಚಾಂಗದ ದಯೆಯಿಂದ ಬದುಕಿದರು.

ಆ ಗೋಡೆಗಳು ಏಕೆ ಬಿದ್ದವು? ದೇವರ ಕೋಪ ಎಂದು ಹೇಳುವವರು ಹೇಳಲಿ. ಗಾರೆ ಕೆಲಸ ಬಲ್ಲವರು ಬೇರೆ ಮಾತು ಹೇಳುತ್ತಾರೆ. ಗುಡ್ಡದ ಶಾಲೆಗಳ ಗೋಡೆ ಮಣ್ಣಿನಲ್ಲಿ ಕೂರಿಸಿದ ಕಲ್ಲಿನದು. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು, ನಡುವೆ ಚೂರುಕಲ್ಲು ಮತ್ತು ಮಣ್ಣು. ಎರಡು ಸಾಲನ್ನೂ ಹಿಡಿದು ನಿಲ್ಲಿಸುವ ಉದ್ದಕಲ್ಲು ಇಲ್ಲ. ಗೋಡೆಯ ನಾಲ್ಕು ಮೂಲೆಯನ್ನೂ ನಡುಪಟ್ಟಿಯಂತೆ ಸುತ್ತಿ ಕಟ್ಟುವ ಮರದ ಅಥವಾ ಕಾಂಕ್ರೀಟಿನ ಅಡ್ಡಪಟ್ಟಿ ಇಲ್ಲ. ನೆಲ ಅಲುಗಿದಾಗ ಎರಡು ಸಾಲೂ ಎರಡು ಕಡೆಗೆ ಸೀಳಿ ಬೀಳುತ್ತವೆ. ಕಾಠ್ಮಂಡು ಕಣಿವೆಯಲ್ಲಿ 1990ರ ದಶಕದ ಕೊನೆಯಿಂದ ಕೆಲವು ಸರ್ಕಾರಿ ಶಾಲೆಗಳನ್ನು ಊರ ಮೇಸ್ತ್ರಿಗಳಿಗೇ ತರಬೇತಿ ಕೊಟ್ಟು ಬಲಪಡಿಸಿದ್ದರು. 2015ರಲ್ಲಿ ಆ ಶಾಲೆಗಳು ಕುಸಿಯದೆ ನಿಂತವು. ಆದ್ದರಿಂದ ಇದು ವಿಧಿಯ ಮಾತಲ್ಲ. ದುಡ್ಡು, ತರಬೇತಿ, ಮೇಲ್ವಿಚಾರಣೆ ಇವುಗಳ ಮಾತು.

ಇಲ್ಲಿಗೆ ನಮ್ಮ ಮೊದಲನೆಯ ಅಂಶ ಬರುತ್ತದೆ. ಶಾಲೆಯ ದುರಸ್ತಿ ಎಂದರೆ ಬಣ್ಣವಲ್ಲ. ಹದಿನೈದು ದಿನಕ್ಕೆ ಬಂದ ಹೊಸಬರಿಗೆ ಸುಲಭವಾಗಿ ಕೊಡಬಹುದಾದ ಕೆಲಸ ಬಣ್ಣ ಬಳಿಯುವುದು. ಚಿತ್ರ ತೆಗೆದರೆ ಚೆನ್ನಾಗಿ ಕಾಣುವುದೂ ಅದೇ. ಆದರೆ ಗೋಡೆಯಲ್ಲಿ ಬಿರುಕು ಇದ್ದರೆ ಬಣ್ಣವು ಬಿರುಕನ್ನು ಮುಚ್ಚುತ್ತದೆ, ಗೋಡೆಯನ್ನು ಹಿಡಿಯುವುದಿಲ್ಲ.

ಈ ಮಾತನ್ನು ನಾವು ಪುಸ್ತಕ ಓದಿ ಹೇಳುತ್ತಿಲ್ಲ. ನಾವು ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದಾಗ ತಪಾಸಣೆಗೆ ಅಧಿಕಾರಿಗಳು ಬರುತ್ತಾರೆಂದು ಸುದ್ದಿ ಬಂತು. ನಾಲ್ಕನೇ ತರಗತಿಯ ಕೋಣೆಯ ಗೋಡೆಯಲ್ಲಿ ಮೇಲಿಂದ ಕೆಳಗೆ ಒಂದು ಬಿರುಕು. ಅದರಲ್ಲಿ ನಮ್ಮ ಕಿರುಬೆರಳು ಹೋಗುತ್ತಿತ್ತು. ನಾವೇ ಮುಂದೆ ನಿಂತು ಹುಡುಗರ ಕೈಯಿಂದ ಅದಕ್ಕೆ ಮಣ್ಣು ಮೆತ್ತಿಸಿ ಸುಣ್ಣ ಬಳಿಸಿದೆವು. ಅಧಿಕಾರಿಗಳು ಬಂದರು, ಗೋಡೆ ಶುಭ್ರವಾಗಿದೆಯೆಂದು ಹೊಗಳಿ ಹೋದರು. ಆ ವರ್ಷದ ಮಳೆಗಾಲದಲ್ಲಿ ಒಂದು ಭಾನುವಾರ ರಾತ್ರಿ ಗೋಡೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಅದೂ ಪಂಚಾಂಗದ ದಯೆಯೇ. ಸುಣ್ಣ ಬಳಿಯದೆ ಬಿರುಕನ್ನು ಹಾಗೆಯೇ ತೋರಿಸಿದ್ದರೆ ದುರಸ್ತಿಗೆ ಹಣ ಬರುತ್ತಿತ್ತೋ ಇಲ್ಲವೋ, ಹೇಳಲಾರೆವು. ಆದರೆ ಕೇಳುವ ದಾರಿಯನ್ನು ನಮ್ಮ ಕೈಯಿಂದಲೇ ಮುಚ್ಚಿದ್ದು ನಿಜ. ಆ ಬಿರುಕು ಇಂದಿಗೂ ನಮ್ಮ ಕಣ್ಣ ಮುಂದಿದೆ. ಮೇಷ್ಟ್ರಗಿರಿ ಬಿಟ್ಟು ಪಕ್ಷದ ಕೆಲಸಕ್ಕೆ ಬಂದುದಕ್ಕೆ ಅದೂ ಒಂದು ಕಾರಣ.

ಈಗ ಎರಡನೆಯ ಅಂಶ. ಕೈಗಳು ಎಲ್ಲಿ ಹೋದವು ಎಂದು ಕೇಳಿದೆವಲ್ಲ, ಅದಕ್ಕೆ ಉತ್ತರ ಅದೇ ಪೇಟೆ ಬೀದಿಯಲ್ಲಿತ್ತು. ರಾತ್ರಿ ಹನ್ನೊಂದಕ್ಕೆ ಸೀಟಿ ಊದುತ್ತಾ, ಕೋಲು ಕುಟ್ಟುತ್ತಾ, ಅಂಗಡಿಗಳ ಬೀಗ ಜಗ್ಗಿ ನೋಡುತ್ತಾ ಹೋಗುವವನನ್ನು ನಾವೆಲ್ಲರೂ “ಗೂರ್ಖಾ” ಎನ್ನುತ್ತೇವೆ. ತಿಂಗಳ ಮೊದಲ ವಾರ ಆತ ಬಂದು ಕೈ ಮುಗಿದಾಗ ಪ್ರತಿ ಅಂಗಡಿಯಿಂದ ಒಂದಷ್ಟು ರೂಪಾಯಿ ಕೊಡುತ್ತೇವೆ. ಎಷ್ಟು ವರ್ಷದಿಂದ ಬರುತ್ತಿದ್ದಾನೆ? ಆತನ ಹೆಸರೇನು? ನಮ್ಮ ಬೀದಿಯಲ್ಲಿ ಒಬ್ಬರಿಗೂ ತಿಳಿಯದು. ಕಾರ್ಮಿಕರ ಹಕ್ಕಿನ ಬಗ್ಗೆ ಭಾಷಣ ಮಾಡುವ ನಮಗೂ ತಿಳಿದಿರಲಿಲ್ಲ. ಅಂದು ರಾತ್ರಿ ಹೋಗಿ ಕೇಳಿದೆವು.

ಆತ ಗೋರ್ಖಾ ಜಿಲ್ಲೆಯವನೇ ಅಲ್ಲ. ನೇಪಾಳದ ದೂರದ ಪಶ್ಚಿಮದ ಅಛಾಮ್ ಜಿಲ್ಲೆಯವನು. ಮನೆಯಲ್ಲಿ ಮುದಿ ತಾಯಿ, ಹೆಂಡತಿ, ಇಬ್ಬರು ಮಕ್ಕಳು. ವರ್ಷಕ್ಕೊಮ್ಮೆ ಹೋಗುತ್ತಾನೆ, ಕೆಲವು ವರ್ಷ ಅದೂ ಇಲ್ಲ. ನಾವು ಶಾಲೆಯ ಮಾತು ಎತ್ತಿದೆವು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, ತನಗೆ ಬರುವ ಕನ್ನಡದಲ್ಲಿ ಹೇಳಿದ: “ನಮ್ಮ ಊರು ಶಾಲೆ ನಮ್ಮಪ್ಪ ಕಲ್ಲು ಹೊತ್ತು ಕಟ್ಟಿದ್ದು ಸಾರ್. ಈಗ ಕಲ್ಲು ಹೊರೋ ಗಂಡಸರೇ ಊರಲ್ಲಿ ಇಲ್ಲ.”

ವಾಚಕರೇ, ಈ ಒಂದು ಮಾತಿನಲ್ಲಿ ನೇಪಾಳದ ಎಪ್ಪತ್ತು ವರ್ಷದ ಕಥೆ ಅಡಗಿದೆ. 1951ರವರೆಗೆ ಆ ದೇಶವನ್ನಾಳಿದ ರಾಣಾ ಮನೆತನಕ್ಕೆ ಜನ ಓದುವುದು ಬೇಕಿರಲಿಲ್ಲ. ರಾಣಾ ಆಡಳಿತ ಬಿದ್ದ ಮೇಲೆ ಹಳ್ಳಿಹಳ್ಳಿಯ ಜನ ತಾವೇ ಕಲ್ಲು ಮರ ಹೊತ್ತು ಶಾಲೆ ಕಟ್ಟಿದರು; 1971ರಲ್ಲಿ ಸರ್ಕಾರ ಅವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಕಟ್ಟಿದವರ ಮಕ್ಕಳು ದೊಡ್ಡವರಾದರು. ಊರಲ್ಲಿ ದುಡಿಮೆ ಇಲ್ಲ. ಬಡವರಲ್ಲಿ ಬಡವರು 1950ರ ಒಪ್ಪಂದದ ತೆರೆದ ಗಡಿ ದಾಟಿ ನಮ್ಮ ದೇಶಕ್ಕೆ ಬಂದರು. ಸಾಲ ಮಾಡಿ ಏಜೆಂಟನಿಗೆ ಕೊಡಬಲ್ಲವರು ಮಲೇಷ್ಯಾಕ್ಕೆ, ಕತಾರಿಗೆ, ಸೌದಿಗೆ ಹೋದರು. 2022ರ ವಿಶ್ವಕಪ್ ಫುಟ್‌ಬಾಲಿಗೆ ಕತಾರಿನಲ್ಲಿ ಕ್ರೀಡಾಂಗಣ ಕಟ್ಟಿದ ಕೈಗಳಲ್ಲಿ ನೇಪಾಳಿಗಳ ಕೈ ಎಷ್ಟೋ. ಹೀಗೆ ಹೊರಗೆ ದುಡಿಯುವವರು ಮನೆಗೆ ಕಳಿಸುವ ಹಣವೇ ಇಂದು ಆ ದೇಶದ ಒಟ್ಟು ಉತ್ಪನ್ನದ ಸುಮಾರು ಕಾಲು ಭಾಗಕ್ಕೆ ಸಮ.

ಭೂಕಂಪವಾದಾಗ ಕತಾರಿನಲ್ಲಿದ್ದ ಅನೇಕರಿಗೆ ಸತ್ತವರ ಅಂತ್ಯಕ್ರಿಯೆಗೂ ಊರಿಗೆ ಮರಳಲು ರಜೆ ಸಿಗಲಿಲ್ಲವೆಂದು ನೇಪಾಳದ ಕಾರ್ಮಿಕ ಸಚಿವರೇ 2015ರ ಮೇ ತಿಂಗಳಲ್ಲಿ ದೂರಿದ್ದರು. ಇದನ್ನೂ ನಮ್ಮ ಸ್ನೇಹಿತರ ಮಗಳ ಸಂಸಾರವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದು ಸಂಸಾರ ರಜೆ ಪಡೆದು ಪರದೇಶಕ್ಕೆ ಹೋಗಿ ಬೇರೆಯವರ ಶಾಲೆಯನ್ನು ನೆಟ್ಟಗೆ ಮಾಡುತ್ತದೆ. ಇನ್ನೊಂದು ಸಂಸಾರದ ಯಜಮಾನ ಪರದೇಶದಲ್ಲಿದ್ದು, ತನ್ನದೇ ಮನೆಯ ಬಿದ್ದ ಸೂರನ್ನು ಎತ್ತಲು ರಜೆ ಸಿಗದೆ ಬೇರೆಯವರ ಕ್ರೀಡಾಂಗಣ ಕಟ್ಟುತ್ತಾನೆ. ಒಬ್ಬರು ಹೋದದ್ದು ಮನಸ್ಸಿನಿಂದ, ಇನ್ನೊಬ್ಬನು ಹೋದದ್ದು ಹೊಟ್ಟೆಯಿಂದ. ಮೊದಲನೆಯವರಲ್ಲಿ ತಪ್ಪು ಹುಡುಕುವುದು ನಮ್ಮ ಉದ್ದೇಶವಲ್ಲ. ಎರಡನೆಯವನು ನಮ್ಮ ಕಣ್ಣಿಗೇ ಬೀಳದೆ ಹೋದನಲ್ಲ, ಅದು ನಮ್ಮ ಚಿಂತೆ.

ಹಾಗಾದರೆ ಪರದೇಶಕ್ಕೆ ಹೋಗಿ ಶ್ರಮದಾನ ಮಾಡುವುದೇ ತಪ್ಪೋ? ಮಿಲ್ಲಿನ ಸಂಗಾತಿಯ ಮಾತನ್ನು ಪೂರ್ತಿ ಒಪ್ಪಿದರೆ ಹಾಗೆಂದೇ ಹೇಳಬೇಕಾಗುತ್ತದೆ. ನಾವು ಒಪ್ಪುವುದಿಲ್ಲ. ಇದಕ್ಕೆ ಒಂದು ಹಳೆಯ ಉದಾಹರಣೆ ಕೊಡುತ್ತೇವೆ.

1934ರ ಜನವರಿ 15ರಂದು ನೇಪಾಳವನ್ನೂ ಬಿಹಾರವನ್ನೂ ಒಟ್ಟಿಗೇ ಭೂಕಂಪ ಕೆಡವಿತು. ಆಗ ಸ್ವಿಟ್ಜರ್‌ಲೆಂಡಿನಿಂದ ಪಿಯೇರ್ ಸೆರೆಸೋಲ್ ಎಂಬ ಎಂಜಿನಿಯರು ಬಿಹಾರಕ್ಕೆ ಬಂದರು. ಅವರ ತಂದೆ ಆ ದೇಶದ ಅಧ್ಯಕ್ಷರಾಗಿದ್ದವರು. ಮಗ ಹಿಡಿದದ್ದು ಗುದ್ದಲಿ. ಮೊದಲನೇ ಮಹಾಯುದ್ಧದಲ್ಲಿ ನುಚ್ಚುನೂರಾದ ಫ್ರಾನ್ಸಿನ ವೆರ್ದಾಂ ಬಳಿ, 1920ರಲ್ಲಿ, ಹಿಂದೆ ಶತ್ರುಗಳಾಗಿದ್ದ ದೇಶಗಳ ಜನರನ್ನು ಸೇರಿಸಿಕೊಂಡು ಹಳ್ಳಿಯೊಂದನ್ನು ಮತ್ತೆ ಕಟ್ಟಲು ಅವರು ಹೊರಟಿದ್ದರು. ಅಲ್ಲಿಂದ ಹುಟ್ಟಿದ್ದು ಅಂತರರಾಷ್ಟ್ರೀಯ ಸ್ವಯಂಸೇವಾ ಸಂಸ್ಥೆ. ಬಿಹಾರದಲ್ಲಿ ಅವರೂ ಅವರ ಕೆಲವೇ ಜೊತೆಗಾರರೂ ಬಾಬು ರಾಜೇಂದ್ರ ಪ್ರಸಾದರು ನಡೆಸುತ್ತಿದ್ದ ಪರಿಹಾರ ಕಾರ್ಯದೊಡನೆ ಕೂಡಿಕೊಂಡು, ನೆರೆಗೆ ಸಿಗುವ ಹಳ್ಳಿಗಳನ್ನು ಎತ್ತರದ ನೆಲದಲ್ಲಿ ಹೊಸದಾಗಿ ಕಟ್ಟುವ ಕೆಲಸಕ್ಕೆ ಇಳಿದರು. ಬಂದವರು ಹದಿನೈದು ದಿನಕ್ಕೆ ಹಿಂತಿರುಗಲಿಲ್ಲ. 1937ರವರೆಗೆ ಆ ಕೆಲಸ ನಡೆಯಿತು. ನಮ್ಮನ್ನು ಆಳುತ್ತಿದ್ದ ಇಂಗ್ಲೆಂಡಿನಿಂದ ಬಂದವನೂ ಬಿಹಾರಿ ರೈತನ ಪಕ್ಕದಲ್ಲಿ ನಿಂತು ಮಣ್ಣು ಹೊತ್ತ. ಇದನ್ನು ಯಾರು ಹಗುರ ಮಾಡಿ ಮಾತಾಡಿಯಾರು?

ಆ ಸಂಸ್ಥೆಯ ಒಂದು ಹಳೆಯ ನಿಯಮವನ್ನು ನಮ್ಮ ಮಿಲ್ಲಿನ ಸಂಗಾತಿಗಳು ಗಮನಿಸಬೇಕು. ಸ್ವಯಂಸೇವಕರ ದುಡಿಮೆಯು ಕೂಲಿಗಾರನ ದುಡಿಮೆಗೆ ಪೈಪೋಟಿಯಾಗಿ ನಿಲ್ಲಬಾರದು. ಮುಷ್ಕರ ಮುರಿಯುವುದಕ್ಕಂತೂ ಬಳಕೆಯಾಗಲೇಕೂಡದು. ಪುಕ್ಕಟೆ ಕೈಗಳು ಬಂದಾಗ ಬಾಡಿಗೆ ಕೈಗಳಿಗೆ ಏನಾಗುತ್ತದೆಂದು ಮಿಲ್ಲಿನ ಗೇಟಿನಲ್ಲಿ ನಿಂತವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ನೇಪಾಳದ ಹಳ್ಳಿಯಲ್ಲೂ ಅದೇ ನ್ಯಾಯ. ಭೂಕಂಪವಾದ ಮೇಲೆ ಅಲ್ಲಿ ಸಾವಿರಾರು ಮೇಸ್ತ್ರಿಗಳಿಗೆ ಅಡ್ಡಪಟ್ಟಿ ಹಾಕಿ ಕಟ್ಟುವ ತರಬೇತಿ ಕೊಟ್ಟರು. ಗಂಡಸರು ಊರಲ್ಲಿಲ್ಲದ ಕಡೆ ಹೆಂಗಸರೇ ಕರಣೆ ಹಿಡಿದು ಮೇಸ್ತ್ರಿಗಳಾದರು. ಅಂಥ ಹೆಣ್ಣುಮಗಳೊಬ್ಬಳಿಗೆ ಸಿಗಬೇಕಾದ ಕೂಲಿಯನ್ನು ಬೆಂಗಳೂರಿನ ಸಂಸಾರ ಅರಿಯದೆ ತಪ್ಪಿಸಿದ್ದರೆ ಅದು ದಾನವಲ್ಲ. ಅದೇ ಸಂಸಾರ ಆಕೆಯ ಕೈಕೆಳಗೆ ನಿಂತು ಬಾಂಡ್ಲಿ ಹೊತ್ತು, ಆಕೆಯ ಕೂಲಿಗೂ ಒಂದಷ್ಟು ಹಣ ಕೊಟ್ಟಿದ್ದರೆ ಅದು ನಿಜವಾದ ಸಹಾಯ. ನಾಲ್ಕು ಜನರ ವಿಮಾನದ ಖರ್ಚಿನಲ್ಲಿ ಮೇಸ್ತ್ರಿಯೊಬ್ಬಳಿಗೆ ಎಷ್ಟು ದಿನದ ಕೂಲಿ ಆದೀತೆಂದು ಲೆಕ್ಕ ಬಲ್ಲ ನಮ್ಮ ವರ್ತಕ ಬಂಧುಗಳೇ ಹಾಕಿ ನೋಡಲಿ.

ಇನ್ನೊಂದು ಎಚ್ಚರಿಕೆಯ ಮಾತೂ ಇದೆ. ಒಳ್ಳೆಯ ಮನಸ್ಸು ಎಲ್ಲಿದೆಯೋ ಅಲ್ಲಿ ಅದನ್ನು ಮಾರುವ ದಲ್ಲಾಳಿಯೂ ಹುಟ್ಟಿಕೊಳ್ಳುತ್ತಾನೆ. ಸೇವೆ ಮಾಡಲು ಬರುವ ಪರದೇಶಿಗಳಿಂದ ಹಣ ಪಡೆದು, ಅವರಿಗೆ ತೋರಿಸಲೆಂದೇ ಬಡ ಮಕ್ಕಳನ್ನು ಹಳ್ಳಿಗಳಿಂದ ತಂದು ಅನಾಥಾಲಯದಲ್ಲಿಡುವ ದಂಧೆ ನೇಪಾಳದಲ್ಲಿ ನಡೆದಿದೆ. ಅಂಥ ಮಕ್ಕಳಲ್ಲಿ ಬಹುಪಾಲು ತಾಯಿಯೋ ತಂದೆಯೋ ಬದುಕಿರುವವರು. ಭೂಕಂಪವಾದ ವರ್ಷವೇ ಯುನಿಸೆಫ್ ಈ ಬಗ್ಗೆ ಜಗತ್ತನ್ನು ಎಚ್ಚರಿಸಿತ್ತು. ಶಾಲೆಯ ಕೆಲಸಕ್ಕೆ ಹೋಗುವವರೂ ತಮ್ಮನ್ನು ಕರೆದವರು ಯಾರು, ಕೊಟ್ಟ ಹಣ ಯಾರ ಜೇಬಿಗೆ ಹೋಯಿತು, ಶಾಲೆಯ ಆಡಳಿತ ಸಮಿತಿ ಈ ಕೆಲಸವನ್ನು ಕೇಳಿತ್ತೇ ಎಂದು ವಿಚಾರಿಸಿಯೇ ಹೆಜ್ಜೆ ಇಡಬೇಕು.

ಮೂರನೆಯ ಅಂಶ, ಎಲ್ಲಕ್ಕಿಂತ ದೊಡ್ಡದು. ಡಾಕ್ಟರ್ ಲೋಹಿಯಾ ಅವರು ಸಮಾಜವಾದಿ ಕಾರ್ಯಕರ್ತನಿಗೆ ಮೂರು ಸಾಧನಗಳನ್ನು ಹೇಳಿದ್ದರು: ಗುದ್ದಲಿ, ಓಟು, ಜೈಲು. ಗುದ್ದಲಿ ಎಂದರೆ ಕಟ್ಟುವ ಕೆಲಸ, ಓಟು ಎಂದರೆ ಅಧಿಕಾರ, ಜೈಲು ಎಂದರೆ ಅನ್ಯಾಯದ ವಿರುದ್ಧ ಹೋರಾಟ. ಮೂರೂ ಕೂಡಿದರೆ ಮಾತ್ರ ಪೂರ್ಣ. ಗುದ್ದಲಿಯನ್ನು ಯಾರು ಬೇಕಾದರೂ ತರಬಹುದು; ಅದಕ್ಕೆ ಗಡಿ ಇಲ್ಲ. ಆದರೆ ಓಟು ಆ ಊರಿನವರದೇ. ನೇಪಾಳದ 2015ರ ಸಂವಿಧಾನದ 31ನೇ ವಿಧಿಯು ಪ್ರತಿಯೊಬ್ಬ ಮಗುವಿಗೂ ಮೂಲ ಶಿಕ್ಷಣ ಕಡ್ಡಾಯ ಮತ್ತು ಉಚಿತ ಎನ್ನುತ್ತದೆ. ಹಾಗಿರುವಾಗ ಶಾಲೆಯ ಗೋಡೆ ಪರದೇಶದವರ ಔದಾರ್ಯದಿಂದ ಸಿಗುವ ಉಡುಗೊರೆಯಲ್ಲ. ಅದು ಆ ಮಗುವಿನ ಹಕ್ಕು, ಸರ್ಕಾರದ ಸಾಲ. ಭೂಕಂಪದ ನಂತರ ಅಲ್ಲಿ ಪುನರ್ನಿರ್ಮಾಣ ಪ್ರಾಧಿಕಾರ ಏರ್ಪಟ್ಟು, 2021ರಲ್ಲಿ ಅದು ಮುಚ್ಚುವ ವೇಳೆಗೆ ಸಾವಿರಾರು ಶಾಲೆಗಳು ಗಟ್ಟಿಯಾಗಿ ಎದ್ದು ನಿಂತಿದ್ದವು. ಎಷ್ಟೋ ಕಡೆ ಊರ ಜನರ ಶಾಲಾ ಸಮಿತಿಯ ಕೈಗೇ ಹಣ ಕೊಟ್ಟು ಕಟ್ಟಿಸಿದರು. ಬಣ್ಣದ ಡಬ್ಬಿಯಿಂದ ಆಗದ ಕೆಲಸ ಬೊಕ್ಕಸದ ಹಣ ಮತ್ತು ಊರಿನ ಸಮಿತಿ ಕೂಡಿದಾಗ ಆಗುತ್ತದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನೇಪಾಳದ ಬಗ್ಗೆ ಇಷ್ಟು ಬರೆಯಲು ನಮಗೆ ಬೇರೆ ಕಾರಣವೂ ಇದೆ. 1943ರಲ್ಲಿ ಬ್ರಿಟಿಷರ ಕಣ್ಣು ತಪ್ಪಿಸಿಕೊಂಡು ಜಯಪ್ರಕಾಶರೂ ಲೋಹಿಯಾ ಅವರೂ ನೇಪಾಳದ ತರಾಯಿಯಲ್ಲಿ ಅಡಗಿದ್ದಾಗ, ಸಪ್ತರಿಯ ಜನ ಅವರಿಗೆ ಆಸರೆ ಕೊಟ್ಟರು. ಅವರು ಹನುಮಾನ್‌ನಗರದಲ್ಲಿ ಸೆರೆಯಾದಾಗ ಬಿಡಿಸಿಕೊಂಡು ಹೋದರೆಂಬ ಕಾರಣಕ್ಕೆ ರಾಣಾ ಸರ್ಕಾರ ಅಲ್ಲಿಯ ಜನರನ್ನು ಹಿಡಿದು ಶಿಕ್ಷಿಸಿತು. ನಮ್ಮ ಸ್ವಾತಂತ್ರ್ಯಕ್ಕಾಗಿ ಅವರು ಜೈಲು ಕಂಡರು. ಆ ಋಣ ಹದಿನೈದು ದಿನದ ಬಣ್ಣದಿಂದ ತೀರುವುದಿಲ್ಲ, ನಿಜ. ಆದರೆ ಒಂದು ಕನ್ನಡದ ಸಂಸಾರ ಅಲ್ಲಿ ಹೋಗಿ ಕಲ್ಲು ಹೊತ್ತದ್ದು ಆ ಋಣದ ಒಂದು ಕಾಸು ಎಂದಾದರೂ ನಾವು ಒಪ್ಪಬೇಕು.

ಈಗ ಕಟ್ಟೆಯ ಮೇಲಿನ ವಾದಕ್ಕೆ ಬರೋಣ.

ಮಿಲ್ಲಿನ ಸಂಗಾತಿಗೆ ನಮ್ಮ ಮಾತು ಇದು: ನೇಪಾಳದ ಶಾಲೆ ಮತ್ತು ನಮ್ಮ ಓಣಿಯ ಶಾಲೆ ಒಂದಕ್ಕೊಂದು ಎದುರಾಳಿಗಳಲ್ಲ. ಅಲ್ಲಿ ಕೆಲಸ ಆಗದಿದ್ದರೆ ಇಲ್ಲಿಯದು ಆಗುತ್ತಿತ್ತು ಎಂಬುದು ಸುಳ್ಳು ಲೆಕ್ಕ. ಬಡವನ ಮಗು ಕೂಡುವ ಕೋಣೆ ಎರಡು ಕಡೆಯೂ ಒಂದೇ ಕಾರಣಕ್ಕೆ ಸೋರುತ್ತದೆ. ಕೋಪ ನೇಪಾಳಕ್ಕೆ ಹೋದವರ ಮೇಲೆ ಬೇಡ; ಸೋರುವ ಸೂರನ್ನು ಕಂಡೂ ಕಡತ ತಿರುವುತ್ತಾ ಕುಳಿತವರ ಮೇಲೆ ಇರಲಿ.

ಅಂಗಡಿಯ ಯಜಮಾನರಿಗೆ ನಮ್ಮ ಮಾತು ಇದು: ನಿಮ್ಮ ಮಗಳು ಅಳಿಯ ಮಾಡಿದ್ದು ಒಳ್ಳೆಯದೇ. ಮೊಮ್ಮಕ್ಕಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತೆಂದು ನೀವು ಹೇಳಿದಿರಿ. ಆ ಬೊಬ್ಬೆ ಯಾವ ಪಾಠಪುಸ್ತಕವೂ ಕಲಿಸದುದನ್ನು ಕಲಿಸಿದೆ. ಆದರೆ ಅವರು ಮುಂದಿನ ಸಲ ಊರಿಗೆ ಬಂದಾಗ ರಾತ್ರಿ ಹನ್ನೊಂದಕ್ಕೆ ಕಟ್ಟೆಯ ಮೇಲೆ ಕೂರಿಸಿಕೊಂಡು, ಸೀಟಿ ಊದುತ್ತಾ ಬರುವಾತನ ಜೊತೆ ಮಾತಾಡಿಸಿ. ಅವರು ಹೋಗಿ ಬಂದ ದೇಶದಿಂದ ಬಂದವನು ಅವರ ತಾತನ ಅಂಗಡಿಯ ಬೀಗ ಕಾಯುತ್ತಿದ್ದಾನೆಂದು ಅವರಿಗೆ ತಿಳಿಯಲಿ. ಆತನಿಗೆ ಕೊಡುವುದು ಭಿಕ್ಷೆಯಂತಲ್ಲ, ಬೀದಿಯ ವರ್ತಕರೆಲ್ಲ ಕೂಡಿ ಗೊತ್ತುಮಾಡಿದ ತಿಂಗಳ ಸಂಬಳ ಎಂದಾಗಲಿ. ಊರಿಗೆ ಹೋಗಲು ವರ್ಷಕ್ಕೊಂದು ತಿಂಗಳು ಸಂಬಳ ಸಹಿತ ರಜೆಯೂ ಇರಲಿ. ಆ ಒಂದು ತಿಂಗಳಲ್ಲಿ ಆತ ತನ್ನ ಊರ ಶಾಲೆಗೆ ಹೊರುವ ಕಲ್ಲು ಎಂಥ ಸ್ವಯಂಸೇವಕನ ಕಲ್ಲಿಗೂ ಕಡಿಮೆಯಲ್ಲ.

ಇನ್ನು ನಮ್ಮೆಲ್ಲರಿಗೂ ಸೇರಿದ ಮಾತು. 2010ರ ಏಪ್ರಿಲ್ 1ರಿಂದ ನಮ್ಮಲ್ಲೂ ಶಿಕ್ಷಣದ ಹಕ್ಕಿನ ಕಾಯಿದೆ ಜಾರಿಯಲ್ಲಿದೆ. ಎಲ್ಲ ಕಾಲಕ್ಕೂ ತಾಳುವ ಕಟ್ಟಡ, ಕುಡಿಯುವ ನೀರು, ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ ಇವೆಲ್ಲ ಶಾಲೆಗೆ ಇರಲೇಬೇಕೆಂದು ಆ ಕಾಯಿದೆಯೇ ಹೇಳುತ್ತದೆ. ಪ್ರತಿ ಸರ್ಕಾರಿ ಶಾಲೆಗೂ ತಂದೆತಾಯಿಗಳ ಮೇಲುಸ್ತುವಾರಿ ಸಮಿತಿ ಇದೆ. ಅದರ ಸಭೆಗೆ ನಮ್ಮಲ್ಲಿ ಎಷ್ಟು ಜನ ಹೋಗುತ್ತೇವೆ? ಪಾಳಿ ಇದೆಯೆಂದು ಮಿಲ್ಲಿನವರು ಹೋಗುವುದಿಲ್ಲ, ವ್ಯಾಪಾರ ಕೆಡುತ್ತದೆಂದು ಅಂಗಡಿಯವರು ಹೋಗುವುದಿಲ್ಲ. ನೇಪಾಳದ ಗಂಡಸರು ದೇಶ ಬಿಟ್ಟು ಹೋದದ್ದರಿಂದ ಅಲ್ಲಿಯ ಶಾಲೆ ಅನಾಥವಾಯಿತು. ನಾವು ಊರಲ್ಲೇ ಇದ್ದು ನಮ್ಮ ಶಾಲೆಯನ್ನು ಅನಾಥ ಮಾಡಿದ್ದೇವೆ.

ಬರುವ ಸಭೆಗೆ ಮಿಲ್ಲಿನ ಸಂಗಾತಿಯೂ ಅಂಗಡಿಯ ಯಜಮಾನರೂ ಜೊತೆಯಾಗಿ ಬರಲಿ, ನಾವೂ ಬರುತ್ತೇವೆ. ಸೋರುವ ಕಡೆಯನ್ನು ಅಳೆದು, ಬಿರುಕನ್ನು ಬೆರಳಿಟ್ಟು ನೋಡಿ, ಲಿಖಿತವಾಗಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯೋಣ. ಗುದ್ದಲಿ ಬೇಕಾದರೆ ಗುದ್ದಲಿ ಹಿಡಿಯೋಣ, ಧರಣಿ ಬೇಕಾದರೆ ಧರಣಿ ಕೂರೋಣ. ದುರಸ್ತಿ ಆಗುವವರೆಗೆ ಆ ಗೋಡೆಗೆ ಸುಣ್ಣ ಬಳಿಯಲು ಮಾತ್ರ ಯಾರಿಗೂ ಬಿಡಬೇಡಿ. ಬಿರುಕು ಎಲ್ಲರ ಕಣ್ಣಿಗೂ ಕಾಣುತ್ತಿರಲಿ.